ಮರಳಿ ಕೊಟ್ಟ ಪಾದ

ಮಾರ್ಚ್ ೪, ಸೋಮವಾರ

ಇವತ್ತು ಇವರ ಕಾಲನ್ನು ಕೊಟ್ಟು ಬಂದೆ.

ಹಳೆಯ ಟವೆಲಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಪಕ್ಕದ ಹೆಂಗಸು "ಏನಮ್ಮಾ ಅದು, ಕೊಡೆನಾ?" ಎಂದಳು. ಹೌದೆಂದೆ. ಟವೆಲು ಜಾರಿ ರಬ್ಬರಿನ ಬೆರಳು ಹೊರಗೆ ಬಂದರೆ ಇವಳು ಕಿರುಚಿಕೊಂಡಾಳು, ಬಸ್ಸು ನಿಂತೀತು, ಪೊಲೀಸರು ಬಂದಾರು ಎಂದೆಲ್ಲ ಎಣಿಸಿ, ಅವಳು ಇಳಿಯುವವರೆಗೂ ಉಸಿರು ಬಿಗಿಹಿಡಿದು ಕೂತಿದ್ದೆ.

ಕೊಟ್ಟದ್ದು ನಾನು ಕೆಲಸ ಮಾಡುವ ಜಾಗಕ್ಕೇ. ಕಾಲು ಕಳೆದುಕೊಂಡವರಿಗೆ ಕಾಲು ಮಾಡಿಕೊಡುವ ಕಾರ್ಖಾನೆ. ಅಲ್ಲಿ ಬೆಲ್ಟು, ಒಳಚೀಲ ಹೊಲಿಯುವುದು ನನ್ನ ಕೆಲಸ. ಇವರನ್ನು ಮೊದಲು ನೋಡಿದ್ದೂ ಅಲ್ಲೇ, ಕಾಯುವ ಬೆಂಚಿನ ಮೇಲೆ. ತೀರಿಕೊಂಡವರ ಕಾಲನ್ನು ಮನೆಯವರು ತಂದುಕೊಟ್ಟರೆ ಮೇಸ್ತ್ರಿ ಮೇಲಿನ ಬಟ್ಟಲನ್ನು ಕತ್ತರಿಸಿ ಎಸೆಯುತ್ತಾರೆ. ಅದು ಒಬ್ಬರ ಮೊಂಡುಗಾಲಿಗೆ ಅಚ್ಚು ತೆಗೆದದ್ದು, ಇನ್ನೊಬ್ಬರಿಗೆ ಕೂಡುವುದಿಲ್ಲ. ಕೆಳಗಿನ ಕಾರ್ಬನ್ ಪಾದವನ್ನು ಪರೀಕ್ಷೆ ಮಾಡಿ, ಚೆನ್ನಾಗಿದ್ದರೆ ಕಾಯುತ್ತಿರುವ ಯಾರಿಗಾದರೂ ಹಾಕುತ್ತಾರೆ.

ಇವರು ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದರು. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅಂದಿನಿಂದ ಕಾಲು ಬೀರುವಿನಲ್ಲಿ ನಿಂತಿತ್ತು. ಬಾಗಿಲು ತೆಗೆದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಅತ್ತೆಯೇ ಕೊನೆಗೆ ಹೇಳಿದರು, "ಕೊಟ್ಟು ಬಾ ಹೋಗು. ಬೀರುವಿನಲ್ಲಿ ನಿಂತ್ಕೊಂಡೇ ಇದ್ರೆ ಕಾಲಿಗೂ ಬೇಜಾರಾಗುತ್ತೆ."

ಬೆಳಿಗ್ಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಎರಡು ಸಲ ಮಹಡಿ ಹತ್ತಿ ಬಂದೆ. ಅತ್ತೆ ಮಂಡಿನೋವಿನವರು, ಮಂಚ ಬಿಟ್ಟು ಏಳುವುದೇ ಅಪರೂಪ. ಏನಾದರೂ ಆದರೆ? ರಾತ್ರಿ ಅವರು ಎರಡು ತುತ್ತು ತಿಂದು ತಟ್ಟೆ ಸರಿಸಿದರು. "ನಿನ್ನ ತಟ್ಟೆ ಎಲ್ಲಿ?" ಎಂದು ಬೇರೆ ಕೇಳುತ್ತಾರೆ. ಊಟ ತಪ್ಪಿಸಲು ಒಂದು ನೆಪ. ಹೀಗೇ ಸೊರಗುತ್ತಾ ಹೋದರೆ ನಾನೇನು ಮಾಡಲಿ? ನಾನು ಆಮೇಲೆ ತಿಂದರಾಯಿತೆಂದು ಮುಚ್ಚಿಟ್ಟೆ.

ಮಾರ್ಚ್ ೭, ಗುರುವಾರ

ಮೇಸ್ತ್ರಿ ಇವತ್ತು ಇವರ ಪಾದವನ್ನು ಬಿಚ್ಚಿದರು. ನೋಡಬಾರದು ಎಂದುಕೊಂಡೇ ಮಿಶನ್ ನಿಲ್ಲಿಸಿ ಹೋಗಿ ನಿಂತೆ.

ರಬ್ಬರಿನ ಕವಚ ಕಳಚಿದರೆ ಒಳಗೆ ಕಪ್ಪು ಪಟ್ಟಿ, ಬಾಗಿಸಿದ ಎಲೆಯ ಹಾಗೆ. ಬಟ್ಟೆಯ ಮೇಲೆ ಬಟ್ಟೆ ಇಟ್ಟು, ನಡುವೆ ರೆಸಿನ್ ಎಂಬ ಅಂಟು ಕುಡಿಸಿ, ಬಿಸಿಗೆ ಗಟ್ಟಿ ಮಾಡಿದ್ದು. ನಾನು ಹೊಲಿಯುವವಳಾದ್ದರಿಂದ ಅದು ಬಟ್ಟೆ ಎಂಬುದು ನನಗೆ ಮೊದಲಿನಿಂದಲೂ ಸಮಾಧಾನ. ಕವಚದೊಳಗೆ ಹಾಕುವ ತೆಳ್ಳನೆಯ ಕಾಲುಚೀಲ ಸವೆದು ಚಿಂದಿಯಾಗಿತ್ತು. ಒಂದು ಹಿಡಿ ಮರಳು ಸುರಿಯಿತು.

"ಇದೇ ನೋಡಮ್ಮ ನಿಮ್ಮ ಯಜಮಾನರ ಟಿಕ್ ಟಿಕ್" ಎಂದರು ಮೇಸ್ತ್ರಿ.

ಇವರು ನಡೆದರೆ ಹೆಜ್ಜೆಗೊಮ್ಮೆ ಟಿಕ್ ಎನ್ನುತ್ತಿತ್ತು. ಮೆಟ್ಟಿಲ ಬುಡದಲ್ಲಿ ಆ ಸದ್ದು ಕೇಳಿದರೆ ನಾನು ಒಲೆ ಹಚ್ಚುತ್ತಿದ್ದೆ. "ಗಡಿಯಾರ ಕಟ್ಕೊಂಡಿದೀನಿ ಕಣೇ ಕಾಲಿಗೆ, ನೀನು ಹೊತ್ತು ತಪ್ಪಿಸೋ ಹಾಗಿಲ್ಲ" ಎನ್ನುತ್ತಿದ್ದರು.

ಮೇಸ್ತ್ರಿ ಪಟ್ಟಿಯನ್ನು ಮೇಜಿನ ಮೇಲಿನ ಕಬ್ಬಿಣದ ಹಿಡಿಕೆಗೆ, ವೈಸಿಗೆ, ಸಿಕ್ಕಿಸಿ ಒತ್ತಿದರು, ಕಿವಿ ಹತ್ತಿರ ತಂದು ಕೇಳಿದರು. ನಾಣ್ಯದಿಂದ ಉದ್ದಕ್ಕೂ ತಟ್ಟಿದರು. ಅಂಚಿಗೆ ನೀಲಿ ಶಾಯಿ ಬಳಿದು ಒರೆಸಿದರು. ಬಿರುಕಿದ್ದರೆ ಶಾಯಿ ಗೆರೆಯಾಗಿ ಉಳಿಯುತ್ತದೆ. ಉಳಿಯಲಿಲ್ಲ.

"ದಾರಕ್ಕೆ ಏನೂ ಆಗಲ್ಲ, ನಮ್ಮನ್ನೆಲ್ಲ ಮಣ್ಣು ಮಾಡಿ ಆಮೇಲೂ ಇರುತ್ತೆ. ಮುಪ್ಪು ಬರೋದು ರೆಸಿನ್‌ಗೆ. ಬಿಸಿಲು, ನೀರು, ಮೇಲಿಂದ ದಿನಾ ಒದೆತ. ಇದಿನ್ನೂ ಚೆನ್ನಾಗಿದೆ. ಹಗುರ ಮೈಯವರಿಗೆ ಹಾಕಿದ್ರೆ ನಡೆಯುತ್ತೆ."

ಹೊಸ ಕಾಲುಚೀಲ ನಾನೇ ಹೊಲಿದುಕೊಟ್ಟೆ. ಮತ್ತೆ ಒತ್ತಿದರು. ಸದ್ದಿಲ್ಲ. ಒಂದು ಚೂರೂ ಇಲ್ಲ. ಮಿಶನ್ನಿನ ಮುಂದೆ ಕೂತರೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ.

ಮಾರ್ಚ್ ೧೯, ಮಂಗಳವಾರ

ಪಾದವನ್ನು ಯಾರಿಗೆ ಹಾಕಿದರೆಂದು ಕೊಟ್ಟವರಿಗೆ ಹೇಳಬಾರದು ಎಂಬುದು ಕಾರ್ಖಾನೆಯ ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ನನ್ನ ಕಣ್ಣು ಕಟ್ಟುವವರು ಯಾರು?

ಮೂವತ್ತರ ಆಸುಪಾಸಿನ ಮನುಷ್ಯ. ಕಡ್ಡಿಯಂಥ ಮೈ. ಐವತ್ತೈದು ಕಿಲೋ ತೂಗಿದ.

"ಕೆಲಸ ಏನಪ್ಪಾ?" ಎಂದರು ಮೇಸ್ತ್ರಿ.

"ಅಂಗಡಿ ಸರ್. ಗಲ್ಲಾ ಮುಂದೆ ಕೂತಿರೋದು."

"ಭಾರ ಗೀರ ಎತ್ತೋದಿದ್ಯಾ?"

"ಪೆನ್ನು ಎತ್ತುತೀನಿ ಸರ್. ಅದೂ ಅಪರೂಪಕ್ಕೆ."

ಎಲ್ಲರೂ ನಕ್ಕರು. ಭಾರ ಎತ್ತುವವರಿಗಾದರೆ ಕಾರ್ಬನ್ ಕೊಡುವುದಿಲ್ಲ, ದಪ್ಪ ರಬ್ಬರಿನ ಪಾದ ಕೊಡುತ್ತಾರೆ. ಅದು ಕಲ್ಲು ಕಟ್ಟಿಕೊಂಡ ಹಾಗೆ, ಆದರೆ ಮುರಿಯುವುದಿಲ್ಲ. ಎರಡು ಕಂಬಿಗಳ ನಡುವೆ ಅವನು ಮೊದಲ ಹೆಜ್ಜೆ ಇಟ್ಟ, ಎರಡನೆಯದು, ಆಮೇಲೆ ಕಂಬಿ ಬಿಟ್ಟ. ಪಾದ ಅವನನ್ನು ಮುಂದಕ್ಕೆ ಚಿಮ್ಮಿಸಿತು. ಚಿಕ್ಕ ಹುಡುಗನ ಹಾಗೆ ಬಾಯಿ ತೆರೆದು ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿ ಹೊಲಿದೆ. ಹೊಲಿದದ್ದು ವಕ್ರವಾಯಿತು, ಬಿಚ್ಚಿದೆ.

ಬಸ್ಸಿನ ತುಂಬ ಯೋಚನೆ. ಅವನು ಬಿದ್ದರೆ? ನಾನು ಹೊಲಿದ ಬೆಲ್ಟು ಕಿತ್ತರೆ? ನಮ್ಮ ಮನೆಗೆ ಬೀಗ ಹಾಕಿದೆನೇ? ಎಡಗೈ ಬೆರಳು ಜುಮ್ಮೆನ್ನುತ್ತಿದೆ, ಇದು ಎದೆಯದ್ದಿರಬಹುದೇ?

ನನ್ನ ರವಿಕೆ ಒಗೆದು ಒಗೆದು ಹಿಗ್ಗಿಹೋಗಿದೆ, ಹೆಗಲಿಂದ ಜಾರುತ್ತದೆ. ಎರಡೂ ಪಕ್ಕ ಹಿಡಿದು ಹೊಲಿದೆ. ಹೋದ ತಿಂಗಳೂ ಹಿಡಿದಿದ್ದೆ. ಈಗಿನ ಬಟ್ಟೆಗಳಿಗೆ ಮೈ ಎಂಬುದೇ ಇಲ್ಲ.

ಏಪ್ರಿಲ್ ೨, ಮಂಗಳವಾರ

ಅಕ್ಷರ ಹೇಗಾದರೂ ಇರಲಿ. ಏಳನೆಯ ಕ್ಲಾಸಿಗೇ ಬಿಟ್ಟವಳ ಕಾಗುಣಿತವನ್ನು ನೋಡಲು ಇಲ್ಲಿ ಯಾರೂ ಬರುವುದಿಲ್ಲ.

ನಮ್ಮ ಕಟ್ಟಡಕ್ಕೆ ಕುಡಿಯುವ ನೀರಿನ ಕ್ಯಾನು ತರುತ್ತಿದ್ದ ಮುದುಕರು ಸೊಂಟ ಹಿಡಿದುಕೊಂಡು ಕೆಲಸ ಬಿಟ್ಟರಂತೆ. ಇವತ್ತಿನಿಂದ ಬೇರೆಯವರು. ಲಿಫ್ಟು ಕೆಟ್ಟು ಯಾವ ಕಾಲವಾಯಿತೋ, ಮೂರನೆಯ ಮಹಡಿಗೆ ಹೊತ್ತೇ ತರಬೇಕು. ಬಾಗಿಲು ತೆಗೆದರೆ, ಹೆಗಲ ಮೇಲೆ ಇಪ್ಪತ್ತು ಲೀಟರಿನ ಕ್ಯಾನು ಇಟ್ಟುಕೊಂಡು ಅವನು.

ಗಲ್ಲಾದವನು.

ಕ್ಯಾನಿನಿಂದ ನೀರು ತೊಟ್ಟಿಕ್ಕಿ ಇವರ ಪಾದದ ಮೇಲೆ, ಅಲ್ಲ, ಅವನ ಪಾದದ ಮೇಲೆ ಬೀಳುತ್ತಿತ್ತು.

"ಅಕ್ಕಾ, ನೀವು ಆ ಮಿಶನ್ ಹತ್ರ ಕೂತಿರ್ತೀರಲ್ಲ..."

"ಗಲ್ಲಾ ಅಂದ್ಯಲ್ಲಪ್ಪ!"

"ನೀರಿನಂಗಡಿಗೂ ಗಲ್ಲಾ ಇದೆಯಲ್ಲಕ್ಕ. ಅದರ ಮುಂದೇನೇ ಕ್ಯಾನ್ ಎತ್ತೋದು." ನಗಲು ನೋಡಿದ, ಆಗಲಿಲ್ಲ. "ರಬ್ಬರ್ ಕಾಲು ಕಟ್ಕೊಂಡು ಒಂದು ಮಹಡಿ ಹತ್ತೋಷ್ಟರಲ್ಲಿ ಬೇರೆಯವರು ಮೂರು ಮನೆ ಮುಗಿಸಿರ್ತಾರೆ. ಹೇಳ್ಬೇಡಿ ಅಕ್ಕಾ. ಬೇರೆ ಕೆಲಸ ನೋಡ್ತಾ ಇದೀನಿ. ನನ್ನ ಮಗಳ ಮೇಲಾಣೆ."

ಅವನ ಮೈ ಐವತ್ತೈದು. ಕ್ಯಾನು ಸೇರಿದರೆ? ಪಾದಕ್ಕೆ ಅದು ಅವನ ಮೈಯೋ ಕ್ಯಾನೋ ಗೊತ್ತಾಗುತ್ತದೆಯೇ? ನಾಳೆಯೇ ಮೇಸ್ತ್ರಿಗೆ ಹೇಳಬೇಕು.

ಏಪ್ರಿಲ್ ೩

ಹೇಳಲಿಲ್ಲ. ಮೇಸ್ತ್ರಿಗೆ ಇವತ್ತು ತಲೆನೋವಿತ್ತು.

ಏಪ್ರಿಲ್ ೧೧, ಗುರುವಾರ

ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದೆ. ಕೆಳಗೆ ಮೆಟ್ಟಿಲ ಬುಡದಲ್ಲಿ ಟಿಕ್ ಎಂದಿತು.

ಮೊದಲು ಏನೋ ಬಿದ್ದಿತೆಂದುಕೊಂಡೆ. ಮತ್ತೆ ಟಿಕ್. ಒಂದು ಮೆಟ್ಟಿಲು ಬಿಟ್ಟು ಒಂದು ಮೆಟ್ಟಿಲಿಗೆ. ಮೊದಲ ಮಹಡಿಯ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡದ್ದು, ಮತ್ತೆ ಹತ್ತಿದ್ದು. ನನ್ನ ಕೈ ತಾನಾಗಿ ಎರಡನೆಯ ಒಲೆಯನ್ನೂ ಹಚ್ಚಿತ್ತು. ಇವರಿಗೆ ಚಹಾ ಇಡುತ್ತಿದ್ದುದು ಅದರ ಮೇಲೆ.

ಒಳಗಿನಿಂದ ಅತ್ತೆ, "ಬಂದ ಕಣೇ. ಬಾಗಿಲು ತೆಗಿ."

ಹೋಗಿ ಬಾಗಿಲು ತೆಗೆದೆ. ಕ್ಯಾನು ಕಂಡಿತು, ಕೆಳಗೆ ಅವನ ಬೆವರಿದ ಮುಖ ಕಂಡಿತು. ಆದರೆ ತೆಗೆಯುವ ಮುಂಚೆ, ಚಿಲಕದ ಮೇಲೆ ಕೈ ಇದ್ದಾಗ, ಆಚೆ ನಿಂತಿದ್ದವರು ಯಾರೆಂದು ನನಗೆ ಗೊತ್ತು.

ಅವನು ಹೋದ ಮೇಲೆ ಅತ್ತೆ, "ಹಸಿವಾಗ್ತಿದೆ. ಇಬ್ಬರಿಗೂ ಬಡಿಸ್ಕೊಂಡು ಬಾ, ಒಬ್ಬಳೇ ಉಣ್ಣೋಕೆ ನಾನೇನು ಛತ್ರಕ್ಕೆ ಬಂದಿದೀನಾ?" ಎಂದರು. ತಟ್ಟೆಯ ತುಂಬ ತಿಂದರು! ಎಷ್ಟು ತಿಂಗಳಾಗಿತ್ತು ಅವರು ಹಾಗೆ ತಿಂದು. ಪಾಪ, ಮುದುಕಿ ಮಗ ಬಂದನೆಂದೇ ನಂಬಿದ್ದಾರೆ. ನಾನು ತಿದ್ದಲಿಲ್ಲ. ತಿದ್ದಿ ಏನಾಗಬೇಕು?

ಏಪ್ರಿಲ್ ೨೪, ಬುಧವಾರ

ಮನೆಯಲ್ಲಿ ನೀರು ಬೇಗ ಬೇಗ ಖಾಲಿಯಾಗುತ್ತಿದೆ. ಬೇಸಿಗೆಯಲ್ಲವೇ, ಅತ್ತೆ ಕುಡಿಯುತ್ತಾರೆ. ವಾರಕ್ಕೆ ಎರಡು ಕ್ಯಾನು ತರಿಸುತ್ತಿದ್ದೆವು, ಈಗ ದಿನ ಬಿಟ್ಟು ದಿನ ಹೇಳಿದ್ದೇನೆ. ನಲ್ಲಿಯ ನೀರಿನಲ್ಲಿ ಅನ್ನ ಮಾಡಿದರೆ ಹೊಟ್ಟೆ ಕೆಡಬಹುದು, ಅದಕ್ಕೂ ಕ್ಯಾನಿನದ್ದೇ. ನೆಲ ಒರೆಸಲೂ ಅದೇ ಒಳ್ಳೆಯದು, ಕಲೆ ಉಳಿಯುವುದಿಲ್ಲ. ಒಂದು ದಿನ ಅರ್ಧ ಕ್ಯಾನು ಉಳಿದಿತ್ತು, ಹಳತಾಯಿತೆಂದು ಬಚ್ಚಲಿಗೆ ಸುರಿದೆ.

ನೀರಿನವನು ಈಗ ಸ್ವಲ್ಪ ಮಾತಾಡುತ್ತಾನೆ. "ಅಕ್ಕಾ, ನೀವಿಬ್ಬರೇ ಇರೋದು, ಇಷ್ಟು ನೀರು ಏನ್ಮಾಡ್ತೀರಾ? ಒಳಗೆ ಆನೆ ಕಟ್ಟಿದೀರಾ?"

ಅತ್ತೆ ಒಳಗಿನಿಂದಲೇ, "ಆನೆ ಅಲ್ಲಪ್ಪ, ಅತ್ತೆ. ಆನೆ ಆಗಿದ್ರೆ ಮಾವುತನ ಮಾತಾದ್ರೂ ಕೇಳ್ತಿತ್ತು!"

ನಾನು ನಕ್ಕೆ. ಜೋರಾಗಿಯೇ ನಕ್ಕೆನೇನೋ, ಇಬ್ಬರೂ ಸುಮ್ಮನಾದರು.

ಭಾನುವಾರ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ರೈಲ್ವೆ ಸೇತುವೆ ಹತ್ತುತ್ತಾನಂತೆ. "ಕೆಳಗೆ ರೈಲು ಹೋದ್ರೆ ಅವಳಿಗೆ ಖುಷಿ. ನನ್ನ ಕೂದಲು ಹಿಡ್ಕೊಂಡು ಡ್ರೈವರ್ ಥರ ಕೂಗ್ತಾಳೆ. ಮೊದಲಿನ ಕಾಲಲ್ಲಿ ಎಲ್ಲಿ ಆಗ್ತಿತ್ತು ಅಕ್ಕಾ ಇದೆಲ್ಲ?"

ಸದ್ದು ಈಗ ಮೊದಲ ಮಹಡಿಯಿಂದಲೇ ಚೆನ್ನಾಗಿ ಕೇಳಿಸುತ್ತದೆ.

ಮೇ ೬, ಸೋಮವಾರ

ಕಾರ್ಖಾನೆಗೆ ಒಂದು ಮುರಿದ ಪಾದ ಬಂತು. ಯಾರದೋ, ಬೇರೆ ಊರಿನವರದ್ದು. ಪಟ್ಟಿಯ ತುದಿ ಹಾಳೆ ಹಾಳೆಯಾಗಿ ಬಿಚ್ಚಿಕೊಂಡಿತ್ತು, ನೆನೆದ ಪುಸ್ತಕದ ಹಾಗೆ. ಮೇಸ್ತ್ರಿ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನಾನು ಸುಮ್ಮನೆ ಕೇಳಿದ ಹಾಗೆ ಕೇಳಿದೆ, "ಮೇಸ್ತ್ರಿ, ಟಿಕ್ ಅಂತ ಸದ್ದು ಬಂದ್ರೆ ಅದು ಮರಳೇ ಅಲ್ವಾ?"

"ಮರಳಿರಬಹುದು. ಬೋಲ್ಟ್ ಸಡಿಲ ಆಗಿರಬಹುದು. ಇಲ್ಲಾ ಪದರ ಬಿಟ್ಟಿರಬಹುದು. ಮರಳು, ಬೋಲ್ಟು ಇವತ್ತು ಎಷ್ಟು ಸದ್ದು ಮಾಡುತ್ತೋ ನಾಳೆನೂ ಅಷ್ಟೇ. ಪದರ ಬಿಟ್ಟಿದ್ದು ಹಾಗಲ್ಲ, ದಿನ ದಿನ ಬೆಳೆಯುತ್ತೆ. ಆಮೇಲೆ ಒಂದು ದಿನ ಹೇಳದೆ ಕೇಳದೆ ಹೋಗುತ್ತೆ. ಕಬ್ಬಿಣ ಆದ್ರೆ ಬಾಗಿ ತೋರಿಸುತ್ತೆ, ಇದು ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ." ಆಮೇಲೆ ನನ್ನನ್ನೇ ನೋಡಿದರು. "ಯಾಕಮ್ಮಾ?"

"ಏನಿಲ್ಲ. ಇವರದ್ದು ನೆನಪಾಯ್ತು."

ಸುಳ್ಳಲ್ಲ ಅದು.

ಮೇ ೭, ಮಂಗಳವಾರ

ನೀರಿನವನನ್ನು ಮೆಟ್ಟಿಲ ಮೇಲೆ ಕೂರಿಸಿ ಬೋಲ್ಟು ಬಿಗಿ ಮಾಡಲು ನೋಡಿದೆ. ಬೋಲ್ಟು ತಿರುಗಿಸುವ ಕೀಲಿಯನ್ನು ಕಾರ್ಖಾನೆಯಿಂದ ತಂದಿದ್ದೆ. ಸ್ವಲ್ಪವೂ ಸಡಿಲವಿರಲಿಲ್ಲ. ಕವಚದ ಸಂದಿಗೆ ಪೌಡರು ಉದುರಿಸಿದೆ. "ಮಗುಗೆ ಹಾಕೋ ಹಾಗೆ ಹಾಕ್ತಿದೀರಲ್ಲಕ್ಕ" ಎಂದು ನಕ್ಕ. ಎದ್ದು ಇಳಿದು ಹೋದ. ಟಿಕ್. ಟಿಕ್. ಟಿಕ್.

ಕವಚ ಪೂರ್ತಿ ತೆಗೆದು ನೋಡಬಹುದಿತ್ತು. ಅವನಿಗೆ ಹೊತ್ತಾಗುತ್ತಿತ್ತು.

ಮರಳೇ ಇರಬೇಕು.

ಬಟ್ಟೆಗಳು ಈ ಬಿಸಿಲಿಗೆ ಕುಗ್ಗುತ್ತಿವೆ. ಮಾರ್ಚಿನಲ್ಲಿ ಹಿಡಿದ ಹೊಲಿಗೆಯನ್ನು ಬಿಚ್ಚಬೇಕಾಯಿತು.

ಮೇ ೧೩

ಇವರು ಇವತ್ತು ಬರಲಿಲ್ಲ. ಬಾಗಿಲ ಹತ್ತಿರವೇ ಕೂತಿದ್ದೆ, ಕೆಲಸಕ್ಕೂ ಹೋಗಲಿಲ್ಲ.

ಮೇ ೧೫, ಬುಧವಾರ

ನಿಧಾನವಾಗಿ ಬರೆಯುತ್ತೇನೆ.

ಸೋಮವಾರ ಅವನ ಮಗಳಿಗೆ ಜ್ವರವಿತ್ತಂತೆ, ಅದಕ್ಕೇ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಬಂದ. ನಾನು ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ. ಮೊದಲ ಮಹಡಿ, ತಿರುವು, ಎರಡನೆಯ ಮಹಡಿ. ಅತ್ತೆ "ಬಂದ ಕಣೇ" ಎಂದರು. ಅಷ್ಟರಲ್ಲಿ ದಡಾರನೆ ಸದ್ದು, ಕ್ಯಾನು ಮೆಟ್ಟಿಲ ಮೇಲೆ ಬಡಿದು ಬಡಿದು ಉರುಳಿದ ಸದ್ದು, ನೀರು ಭೋರೆಂದು ಇಳಿದ ಸದ್ದು.

ಹೊರಗೆ ಓಡಿದೆ. ಅವನು ಕಂಬಿ ತಬ್ಬಿಕೊಂಡು ನಿಂತಿದ್ದ. ಮೊಣಕೈ ತರಚಿ ರಕ್ತ.

"ಏನೂ ಆಗಿಲ್ಲ ಅಕ್ಕಾ. ಕಾಲು ಜಾರ್ತು. ಕೆಳಗೆ ಯಾರೂ ಇರಲಿಲ್ಲ, ಪುಣ್ಯ." ಮುಖ ಬಿಳಿಚಿತ್ತು. "ಪಾದ ಮಡಿಸಿದ ಹಾಗಾಯ್ತು ಒಂದು ಸಲ. ನನಗೇ ಹಾಗನ್ನಿಸಿರಬೇಕು."

ಇನ್ನೊಂದು ಕ್ಯಾನು ತರುತ್ತೇನೆಂದು ಇಳಿದ. ಬೇಡವೆಂದರೂ ಕೇಳಲಿಲ್ಲ, ಲೆಕ್ಕಕ್ಕೆ ಸಿಗಬೇಕಂತೆ. ನಾನು ಮೆಟ್ಟಿಲ ಮೇಲೆ ಕೂತು ನೀರು ಬಳಿಯತೊಡಗಿದೆ. ಅವನು ಮತ್ತೆ ಹತ್ತಿ ಬಂದ. ಈ ಸಲ ನಾನು ಬಾಗಿಲ ಹಿಂದೆ ಇರಲಿಲ್ಲ. ನೆಲದ ಹತ್ತಿರ, ಅವನ ಕಾಲಿನ ಮಟ್ಟದಲ್ಲೇ ನನ್ನ ಕಿವಿ ಇತ್ತು.

ಇವರ ಸದ್ದು ಹೆಜ್ಜೆ ಮುಗಿದ ಮೇಲೆ ಬರುತ್ತಿತ್ತು. ಹಿಮ್ಮಡಿ ಊರಿ, ಮೈ ಮುಂದಕ್ಕೆ ಹೋಗಿ, ಬೆರಳು ನೆಲ ಬಿಡುವಾಗ ಟಿಕ್. ಹೋಗುವವರು ಹೋಗುತ್ತಾ ಬಾಗಿಲು ಎಳೆದುಕೊಂಡ ಹಾಗೆ. ಎಷ್ಟು ವರ್ಷ ಕೇಳಿದ್ದೇನೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಇದು ಹಿಮ್ಮಡಿ ಊರುವಾಗ ಬರುತ್ತಿದೆ. ಭಾರ ಬೀಳುವ ಮೊದಲೇ. ಟಿಕ್ ಅಲ್ಲ, ಒಣ ಕಡ್ಡಿ ಮುರಿದ ಹಾಗೆ ಟಕ್, ಅದರ ಹಿಂದೆಯೇ ಸಣ್ಣದಾಗಿ ಇನ್ನೊಂದು.

ಇದು ಇವರ ಸದ್ದಲ್ಲ. ಯಾವತ್ತೂ ಆಗಿರಲಿಲ್ಲ. ಒಂದು ತಿಂಗಳಿನಿಂದ ನಮ್ಮ ಮೆಟ್ಟಿಲ ಮೇಲೆ ಇವರು ಒಂದು ಸಲವೂ ಬಂದಿಲ್ಲ.

ಒರೆಸುವ ಬಟ್ಟೆ ಹಿಡಿದುಕೊಂಡು ಅಲ್ಲೇ ಕೂತಿದ್ದೆ. ಅವನು ಕ್ಯಾನು ಇಳಿಸಿ ಹೋದದ್ದೂ ಸರಿಯಾಗಿ ನೋಡಲಿಲ್ಲ. ಕೂಗಿ ನಿಲ್ಲಿಸಬೇಕಿತ್ತು.

ಮೇ ೧೬, ಗುರುವಾರ

ನಾಳೆ ತರುವ ಕ್ಯಾನನ್ನು ಇವತ್ತೇ ತರಬೇಕೆಂದು ಬೆಳಗಾಗುತ್ತಲೇ ಫೋನು ಮಾಡಿದೆ, ಆಮೇಲೆ ತಕ್ಷಣ ಮತ್ತೆ ಮಾಡಿ ಕ್ಯಾನು ಬೇಡ, ಬರೀ ಅವನನ್ನು ಕಳಿಸಿ ಎಂದೆ. ಅಂಗಡಿಯವರು "ಅವನನ್ನ ಕುಡೀತೀರೇನಮ್ಮಾ?" ಎಂದರು.

ಬಂದ. ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸಿದೆ. ಚಮಚದ ಹಿಡಿಯಿಂದ ಕವಚ ಮೀಟಿ ಕಳಚಿದೆ. ಶಾಯಿ ಬೇಕಾಗಲಿಲ್ಲ. ಹಿಮ್ಮಡಿಯ ಪಟ್ಟಿಯ ಅಂಚಿನಲ್ಲಿ ಉದ್ದಕ್ಕೂ ಬಿಳಿ ಗೆರೆ. ಬೆರಳಿನಿಂದ ಒತ್ತಿದರೆ ಬಾಯಿ ತೆರೆಯಿತು, ಬಿಟ್ಟರೆ ಮುಚ್ಚಿಕೊಂಡಿತು. ಉಗುರು ಒಳಗೆ ಹೋಯಿತು.

ಅವನು ನೋಡಿದ. ಆಮೇಲೆ, "ಅಂಟು ಹಾಕಿದ್ರೆ?"

"ಆಗಲ್ಲಪ್ಪ."

"ಇನ್ನು ಎರಡು ತಿಂಗಳು ಅಕ್ಕಾ. ಕೆಳಗಿನ ಮನೆಗಳಿಗೆ ಮಾತ್ರ ಹಾಕ್ತೀನಿ. ನಿಮ್ಮನೆಗೆ ಹತ್ತಲ್ಲ."

"ಆಗಲ್ಲ."

"ನೀವು ಹೇಳದಿದ್ರೆ ಯಾರಿಗೆ ಗೊತ್ತಾಗುತ್ತೆ? ಇಷ್ಟು ದಿನ ಹೇಳಿಲ್ವಲ್ಲ!" ಅವನ ದನಿ ಏರಿತು. "ನೀವೇ ದಿನಾ ದಿನಾ ಕರೆಸಿಕೊಂಡ್ರಿ. ಆಗ ಇರಲಿಲ್ವಾ ಈ ದಯೆ? ಈಗ ನನ್ನ ಹೊಟ್ಟೆ ಮೇಲೆ ಹೊಡೀತಿದೀರಲ್ಲ!"

ಸಾಮಾನ್ಯವಾಗಿ ಯಾರಾದರೂ ಜೋರು ಮಾಡಿದರೆ ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಒಳಗೆ ಹೋಗುವವಳು. ಇವತ್ತು ಕೀಲಿ ತಿರುಗಿಸುತ್ತಲೇ ಇದ್ದೆ. ಪಾದ ಕೈಗೆ ಬಂತು.

"ಭಾನುವಾರ ಮಗಳನ್ನ ಎಲ್ಲಿ ಕೂರಿಸ್ಕೋತೀಯಾ?" ಎಂದೆ.

ಅವನು ಮುಖ ಮುಚ್ಚಿಕೊಂಡ.

ಅತ್ತೆಯ ಹತ್ತಿರ ಅವನನ್ನು ಬಿಟ್ಟು, ಪಾದವನ್ನು ಟವೆಲಿನಲ್ಲಿ ಸುತ್ತಿಕೊಂಡು ಕಾರ್ಖಾನೆಗೆ ಹೋದೆ. ಬಸ್ಸಿನಲ್ಲಿ ಟವೆಲು ಜಾರಿದ್ದು ಇಳಿಯುವಾಗಲೇ ಗೊತ್ತಾದದ್ದು. ಮೇಸ್ತ್ರಿಗೆ ಎಲ್ಲ ಹೇಳಿದೆ. ಎಲ್ಲ ಎಂದರೆ ಕ್ಯಾನು, ಮೆಟ್ಟಿಲು, ಗೆರೆ. "ಯಾವಾಗಿಂದ ಸದ್ದು?" ಎಂದು ಕೇಳಿದರು. ಈಗೀಗ ಎಂದೆ.

ಅವರು ಬೈಯಲಿಲ್ಲ. ರಬ್ಬರಿನ ಪಾದ ಒಂದನ್ನು ಚೀಲಕ್ಕೆ ಹಾಕಿಕೊಂಡು ನನ್ನ ಜೊತೆ ಬಂದರು. ನಾವು ಬಂದಾಗ ಅತ್ತೆ ಅವನ ಕೈಯಲ್ಲಿ ಉಣ್ಣೆಯ ಉಂಡೆ ಕೊಟ್ಟು ಸಿಕ್ಕು ಬಿಡಿಸಲು ಹೇಳಿದ್ದರು. ಅವನು ಕಣ್ಣು ಕೆಂಪಗೆ ಮಾಡಿಕೊಂಡು ಬಿಡಿಸುತ್ತಿದ್ದ. "ಇವನ ಕೈಗೆ ಸಿಕ್ಕಿದ್ದು ಇನ್ನಷ್ಟು ಸಿಕ್ಕಾಯ್ತು. ನೀರೇ ವಾಸಿ ಇವನಿಗೆ" ಎಂದರು ಅತ್ತೆ.

ಅವನು ಇಳಿದು ಹೋದ. ರಬ್ಬರು ಮೆಟ್ಟಿಲಿಗೆ ಮೆತ್ತಗೆ ಧಪ್ ಧಪ್ ಎಂದಿತು. ನನ್ನ ಕಡೆ ತಿರುಗಿ ನೋಡಲಿಲ್ಲ.

ಮೇ ೨೦, ಸೋಮವಾರ

ಕೆಟ್ಟ ಪಾದವನ್ನು ಯಾರೂ ಮತ್ತೆ ಕಟ್ಟಿಕೊಳ್ಳಬಾರದೆಂದು ಮೇಸ್ತ್ರಿ ಎರಡು ತುಂಡು ಮಾಡಿಯೇ ಎಸೆಯುವುದು. ಇವತ್ತು ಮೊದಲು ವೈಸಿಗೆ ಹಾಕಿ ಒತ್ತಿದರು, ಎಷ್ಟು ತಡೆಯುತ್ತದೆ ನೋಡೋಣ ಎಂದು. ಬಹಳ ತಡೆಯಲಿಲ್ಲ. ಮಾತಿನ ನಡುವೆಯೇ ಹೋಯಿತು.

ಉಳಿದ ಭಾಗಕ್ಕೆ ಗರಗಸ ಹಾಕಿದರು. "ನೀನು ಆಚೆ ಹೋಗಮ್ಮ, ದೂಳು ಒಳ್ಳೇದಲ್ಲ" ಎಂದರು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಇನ್ನೊಂದು ತುದಿಯನ್ನು ಹಿಡಿದೆ. ಯಾರಾದರೂ ಹಿಡಿಯಬೇಕಲ್ಲ, ಇಲ್ಲದಿದ್ದರೆ ಅದುರುತ್ತದೆ. ಕತ್ತರಿಸಿದ ಜಾಗದಲ್ಲಿ ಪದರಗಳು ಒಂದರ ಮೇಲೊಂದು ಕಂಡವು. ದಾರ ಹಾಗೇ ಇತ್ತು, ಕಪ್ಪಗೆ, ಹೊಸದರ ಹಾಗೆ ಹೊಳೆಯುತ್ತಿತ್ತು. ಕೈಯ ಮೇಲೆ ಕೂತ ದೂಳು ಎರಡು ಸಲ ತೊಳೆದರೂ ಚುಚ್ಚುತ್ತಿದೆ.

ಜೂನ್ ೩, ಸೋಮವಾರ

ನೀರಿನವನ ಕೆಲಸ ಹೋಗಲಿಲ್ಲ, ಆದರೆ ಕಡಿಮೆಯಾಯಿತು. ಗಾಡಿ ತಳ್ಳಿಕೊಂಡು ಬಂದು ಕೆಳಗೆ ನಿಂತು ಕೂಗುತ್ತಾನೆ, ಬೇಕಾದವರು ಇಳಿದು ಬಂದು ಒಯ್ಯಬೇಕು. ಮೂರನೆಯ ಮಹಡಿಯವರೆಲ್ಲ ಬೇರೆ ಅಂಗಡಿಗೆ ಹೋಗಿದ್ದಾರೆ. ನಾನು ಹೋಗಿಲ್ಲ.

ಅವನ ಕೂಗು ಕೇಳಿ ಏಳುವಷ್ಟರಲ್ಲಿ ನನಗೆ ಅತ್ತೆಯ ಯೋಚನೆ ಬಂತು. ಮೂರು ವಾರದಿಂದ ಮೆಟ್ಟಿಲ ಮೇಲೆ ಸದ್ದಿಲ್ಲ, ಅವರು ಕೇಳಿಯೂ ಇಲ್ಲ. ಎಷ್ಟು ದಿನ ಮುಚ್ಚಿಡಲಿ? ಮಂಚದ ಅಂಚಿನಲ್ಲಿ ಕೂತು ಅವರ ಕೈ ಹಿಡಿದುಕೊಂಡೆ.

"ಅತ್ತೆ, ಬರ್ತಾ ಇದ್ದದ್ದು ಇವರಲ್ಲ. ನೀರಿನವನು. ಇವರು ಇನ್ನು..."

ಅತ್ತೆ ನನ್ನನ್ನು ದಿಟ್ಟಿಸಿದರು.

"ನನ್ನ ಮಗ ಸತ್ತಿದ್ದು ನನಗೆ ಗೊತ್ತಿಲ್ವೇನೇ? ಹೆತ್ತೋಳು ನಾನು."

"ಮತ್ತೆ ಬಂದ ಬಂದ ಅಂತಿದ್ರಲ್ಲ?"

"ನೀನು ಏಳ್ತಿದ್ದೆಯಲ್ಲ ಹಾಗಂದ್ರೆ! ಏಳ್ತಿದ್ದೆ, ತಲೆ ಬಾಚ್ಕೊಳ್ತಿದ್ದೆ, ನಾಲ್ಕು ತುತ್ತು ಉಣ್ತಿದ್ದೆ. ಅದಕ್ಕೆ ಮೊದಲು ಗಾಳಿಗಿಟ್ಟ ಬಟ್ಟೆ ಥರ ಇದ್ದೆ ಕಣೇ. ನಿನ್ನ ಮುಂದೆ ನನಗೆ ತುತ್ತು ಇಳೀತಿತ್ತಾ?"

ನಾನು ಉಣ್ಣದೇ ಇದ್ದದ್ದು ಯಾವಾಗ? ಮುದುಕಿಗೆ ಅರಳುಮರುಳು. ಉಣ್ಣದೇ ಇದ್ದವರು ಅವರು.

ಕೆಳಗೆ ಅವನು ಮತ್ತೆ ಕೂಗಿದ. ಇಳಿದು ಹೋದೆ. ಅವನು ಇನ್ನೂ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಕ್ಯಾನನ್ನು ಎರಡು ಕೈಯಲ್ಲಿ ತಬ್ಬಿ ಎತ್ತಲು ಹೋದೆ, ನೆಲ ಬಿಡಲಿಲ್ಲ. ಅವನು ಸ್ವಲ್ಪ ಹೊತ್ತು ಬೇರೆ ಕಡೆ ನೋಡಿದ. ಆಮೇಲೆ ತಡೆಯಲಾರದೆ, "ಹಾಗಲ್ಲ ಅಕ್ಕಾ. ಮಂಡಿ ಬಗ್ಗಿಸಿ. ಹೆಗಲಿಗೆ ತಗೊಳ್ಳಿ. ಕತ್ತು ಆಚೆ ವಾಲಿಸಿ" ಎಂದು ಎತ್ತಿ ಕೂರಿಸಿದ. ಒಂದು ಗಳಿಗೆ ಅವನ ಕೈ ಕ್ಯಾನಿನ ಮೇಲೇ ಇತ್ತು, ಬೀಳುತ್ತದೇನೋ ಎಂದು. "ತಿರುವಿನಲ್ಲಿ ನಿಂತ್ಕೊಳ್ಳಿ. ಅವಸರ ಬೇಡ."

ಹತ್ತಿದೆ. ಹೆಗಲು ಕಿತ್ತು ಬರುವ ಹಾಗಾಯಿತು, ಕಣ್ಣು ಕತ್ತಲಿಟ್ಟಿತು. ಎರಡು ತಿರುವಿನಲ್ಲೂ ಗೋಡೆಗೆ ಒರಗಿ ನಿಂತೆ. ಬಾಗಿಲು ಮುಂದಕ್ಕೆ ಹಾಕಿತ್ತು. ಒಳಗಿನಿಂದ ಅತ್ತೆ, "ಯಾರದು?" ಎಂದರು.

"ನಾನು, ಅತ್ತೆ."